ನಾನು ಬೀಳದ ಮೆಟ್ಟಿಲು

ನನ್ನ ಬಲ ಮೊಣಕಾಲು ನೂರ ಐದು ಡಿಗ್ರಿಯವರೆಗೆ ಮಡಚುತ್ತದೆ, ಅದರಾಚೆಗಿಲ್ಲ. ಕುರ್ಚಿಯಲ್ಲಿ ಕೂರಬಹುದು, ಚಕ್ಕಳಮಕ್ಕಳ ಹಾಕಲಾಗದು. ಮೆಟ್ಟಿಲು ಇಳಿಯುವಾಗ ಏನನ್ನಾದರೂ ಹಿಡಿಯಬೇಕು. ದೋಹಾದ ವೆಸ್ಟ್ ಬೇಯ ಆಫೀಸಿನಲ್ಲಿ ಎ.ಸಿ. ಜೋರಾದ ದಿನ ಮೇಜಿನ ಕೆಳಗೆ ಕಾಲಿಗೆ ಶಾಲು ಸುತ್ತಿಕೊಳ್ಳುತ್ತೇನೆ. ಇಷ್ಟನ್ನು ಹೇಳುವುದು ಸುಲಭ. ಹೇಗಾಯಿತು ಎಂದು ಹೇಳಲು ನನಗೆ ಒಂದು ವರ್ಷ ಬೇಕಾಯಿತು.

ಇಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುವುದಕ್ಕೆ ಹಿಂದಿನ ಚಳಿಗಾಲದ ರಜೆಯಲ್ಲಿ ಆಫೀಸಿನ ನಾಲ್ವರು ಜಾರ್ಜಿಯಾ ದೇಶಕ್ಕೆ ಹೋಗಿದ್ದೆವು. ಇಬ್ಬರು ಗಂಡಸರಿದ್ದರು. ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಹಾಗಾಗಿ ಮೈಸೂರಿನ ಅಮ್ಮನಿಗೂ ಇಲ್ಲಿ ನಾನು ಬಾಡಿಗೆಗಿರುವ ಮನೆಯವರಿಗೂ ದೋಹಾದಲ್ಲೇ ಗೆಳತಿಯ ಮನೆಯಲ್ಲಿರುತ್ತೇನೆ ಎಂದಿದ್ದೆ. ಅಲ್ಲಿ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಬಾಡಿಗೆಗೆ ಸಿಗುತ್ತಿತ್ತು. ಓಡಿಸಿದವಳು ನಾನು, ಹಿಂದೆ ಕುಳಿತವನು ಸಹೋದ್ಯೋಗಿ. ಅವನು ನಿಧಾನ ಎಂದು ಕೂಗಿದಷ್ಟೂ ನಾನು ನಗುತ್ತಾ ವೇಗ ಹೆಚ್ಚಿಸಿದೆ. ಗಾಡಿ ಮಗುಚಿ ನನ್ನ ಕಾಲಿನ ಮೇಲೆ ಬಿತ್ತು. ಅವನಿಗೆ ಏನೂ ಆಗಲಿಲ್ಲ. ಅಲ್ಲಿನ ಕ್ಲಿನಿಕ್ಕಿನಲ್ಲಿ ಪಟ್ಟಿ ಕಟ್ಟಿಸಿಕೊಂಡು, ಸಡಿಲ ಪ್ಯಾಂಟಿನಲ್ಲಿ ಅದನ್ನು ಮುಚ್ಚಿಕೊಂಡು ಮರಳಿದೆ.

ದೋಹಾದ ಹೊರವಲಯದ ಮುಐದರಿನಲ್ಲಿರುವ ವಿಲ್ಲಾದ ಮಹಡಿ ಕೋಣೆ ನನ್ನದು. ಕೆಳಗೆ ಮಂಗಳೂರು ಕಡೆಯ ಬ್ಯಾರಿ ಕುಟುಂಬ. ಶುಕ್ರವಾರ ಬೆಳಿಗ್ಗೆ, ಗಂಡ ಜುಮಾ ನಮಾಜಿಗೆ ಹೊರಡುವ ಮೊದಲು, ಆಂಟಿ ಹೊರಗಿನ ಮೆಟ್ಟಿಲನ್ನು ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದರು. ನಾನು ಟ್ಯಾಕ್ಸಿಯಿಂದ ಇಳಿದದ್ದು ಅವರು ತೊಳೆದು ಆಗಷ್ಟೇ ಒಳಗೆ ಹೋದ ಹೊತ್ತಿಗೆ. ಮೂರನೆಯ ಮೆಟ್ಟಿಲು ಹತ್ತಲಾಗದೆ ನೊರೆಯಲ್ಲೇ ಕುಳಿತುಬಿಟ್ಟೆ. ಆಂಟಿ ಬಾಗಿಲು ತೆರೆದು ಓಡಿಬಂದರು.

“ಯಾ ಅಲ್ಲಾ, ಜಾರಿದೆಯಾ ಮಗಳೇ? ನನ್ನ ಸೋಪಿನ ನೀರು ಮಾರಾಯ್ತಿ!”

ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಹೌದು ಎನ್ನಲಿಲ್ಲವಲ್ಲ ಎಂದು ಬಹಳ ದಿನ ಸಮಾಧಾನಪಟ್ಟುಕೊಂಡೆ.

ಅವರೇ ನನ್ನ ಫೋನಿನಲ್ಲಿ ಅತ್ತುಕೊಂಡು ಅಮ್ಮನಿಗೆ ಹೇಳಿದರು. “ಸ್ವಲ್ಪ ನೋಡ್ಕೊಂಡು ನೀರು ಹಾಕಬಾರದಾ ನೀವು?” ಎಂದು ಅಮ್ಮ ಅಂದದ್ದು ನನಗೂ ಕೇಳಿಸಿತು. ಆಪರೇಷನ್ ಆದಮೇಲೆ ತಿಂಗಳುಗಟ್ಟಲೆ ಗಂಜಿ ಮಹಡಿಗೆ ಬಂತು. ಹೊಲಿಗೆ ಮಾಗಿದ ಮೇಲೆ ಆಂಟಿ ಬಿಸಿ ಎಣ್ಣೆ ಹಚ್ಚುತ್ತಾ, “ಮೀನು ತಿಂದಿದ್ರೆ ಮೂಳೆ ಬೇಗ ಕೂಡ್ತಿತ್ತು. ನಿಮ್ಮದು ಎಂತ, ಬರೀ ಸೊಪ್ಪು” ಎಂದು ನಗಿಸುತ್ತಿದ್ದರು. ಆ ಕೈಗಳು ಕಾಲಿನ ಮೇಲಿದ್ದಷ್ಟು ಹೊತ್ತು ನಾನು ಗೋಡೆ ನೋಡುತ್ತಿದ್ದೆ.

ವಿಶ್ವಕಪ್ ಬಂತು. ಅಂಗಡಿ ಬಿಡಲಾಗದ ಅಂಕಲ್ ತಮ್ಮ ಟಿಕೆಟ್ಟನ್ನು ನನಗೆ ಕೊಟ್ಟರು. ಮೆಟ್ರೋದಿಂದ ಸ್ಟೇಡಿಯಂವರೆಗೆ ನಡೆಯಲಾಗದವರಿಗೆಂದು ಸಣ್ಣ ಬ್ಯಾಟರಿ ಗಾಡಿಗಳಿದ್ದವು. ಸಾಲಿನಲ್ಲಿದ್ದವರೆಲ್ಲ ಮುದುಕರು. ಗಾಡಿಯ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಂಟಿ ಮುಂದೆ ಬಂದು ಹಿಂದಿಯಲ್ಲಿ, ಇವಳ ಕಾಲು ಹೀಗಾದದ್ದು ನನ್ನಿಂದ, ಇವಳನ್ನು ಕೂರಿಸಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಗಾಡಿ ಹೊರಟಿತು.

“ಆಂಟಿ, ನಾನು ನಿಮ್ಮ ಮೆಟ್ಟಿಲಲ್ಲಿ ಬೀಳಲಿಲ್ಲ,” ಎಂದೆ. ಜಾರ್ಜಿಯಾ, ಸ್ನೋಮೊಬೈಲ್, ಹಿಂದೆ ಕುಳಿತವನು, ಎಲ್ಲವನ್ನೂ ಹೇಳಿದೆ. ಸ್ಟೇಡಿಯಂ ಹತ್ತಿರವಾದಾಗ ಅವರು ನನ್ನ ಕಡೆ ತಿರುಗಿದರು.

“ಒಂದು ವರ್ಷ ನಾನು ನಮಾಜಿನಲ್ಲಿ ಎಂತ ಬೇಡಿದ್ದು, ಗೊತ್ತುಂಟಾ ನಿನಗೆ?”

“ತಪ್ಪಾಯ್ತು ಆಂಟಿ.”

“ನನಗೆ ಹೇಳಿದ್ದು ಸಾಕು. ನಿನ್ನ ಅಮ್ಮನಿಗೆ ಹೇಳು. ಈಗ. ನಾನು ಕೇಳ್ಬೇಕು.”

ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಗಾಡಿಯವರು ನಮ್ಮನ್ನು ಇಳಿಸಿದರು. ಜನ ಬಾವುಟ ಹೊದ್ದು ನಮ್ಮನ್ನು ದಾಟಿ ಓಡುತ್ತಿದ್ದರು. ಬೇಲಿಯ ಪಕ್ಕ ನಿಂತು ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಏನೇ, ಮ್ಯಾಚ್ ಶುರುವಾಗ್ಲಿಲ್ವಾ? ಕಾಲು ಹೇಗಿದೆ?” ಎಂದರು ಅಮ್ಮ. “ಆ ಹೆಂಗಸು ಈಗ್ಲೂ ಹಾಗೇ ನೀರು ಸುರೀತಾಳಾ?”

ಆಂಟಿ ನನ್ನನ್ನೇ ನೋಡುತ್ತಿದ್ದರು.

“ಅಮ್ಮ, ಅವರು ಇಲ್ಲೇ ಪಕ್ಕದಲ್ಲಿದಾರೆ,” ಎಂದೆ. “ಅವರ ನೀರಿನಿಂದ ನಾನು ಬಿದ್ದಿದ್ದಲ್ಲ.”