ಅಮಾವಾಸ್ಯೆಯ ಪರೀಕ್ಷೆ

ನಮ್ಮ ಸೀಮೆಗೆ ಮೈಸೂರಿನ ವಿಶ್ವವಿದ್ಯಾನಿಲಯ ಬಂದದ್ದು ಎತ್ತಿನ ಗಾಡಿಯಲ್ಲಿ. ಅದು ಹುಟ್ಟಿ ಇನ್ನೂ ಕೆಲವೇ ವರ್ಷಗಳಾಗಿದ್ದವು. ಓದು ಬಿಟ್ಟವರಿಗೂ ಓದನ್ನೇ ಕಾಣದವರಿಗೂ ನಾಲ್ಕು ಮಾತು ತಿಳಿಸಬೇಕೆಂದು ಅಲ್ಲಿಯ ದೊಡ್ಡವರಿಗೆ ಅನ್ನಿಸಿ, ಬೇಸಗೆಯ ರಜೆಯಲ್ಲಿ ಉಪನ್ಯಾಸಕರನ್ನು ತಾಲೂಕುಗಳಿಗೆ ಅಟ್ಟುತ್ತಿದ್ದರು. ಅಟ್ಟುತ್ತಿದ್ದರು ಎಂದೇ ಹೇಳಬೇಕು. ಚೈತ್ರದ ಬಿಸಿಲಿನಲ್ಲಿ ಚಳ್ಳಕೆರೆಗೆ ತಾನಾಗಿ ಯಾರೂ ಬರುವುದಿಲ್ಲ.

ನಾನಾಗ ತಳಕಿನ ಶಾಲೆಯಲ್ಲಿ ಮೇಷ್ಟ್ರು. ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡೂ ಬರುತ್ತವೆಂಬ ಒಂದೇ ಯೋಗ್ಯತೆಗಾಗಿ ನನ್ನನ್ನು ಆ ಸಲದ ಉಪನ್ಯಾಸಕರಿಗೆ ದುಭಾಷಿಯಾಗಿ ಗಂಟುಹಾಕಿದರು. ಅವರು ಇನ್ನೂ ಯುವಕರು. ಜರಿ ಪೇಟ, ಮುಚ್ಚಿದ ಕೋಟು, ಎಷ್ಟು ಬೆವರಿದರೂ ಒಂದು ಗುಂಡಿಯನ್ನೂ ಬಿಚ್ಚುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಮಾತು ಮಾತ್ರ ಸ್ವಲ್ಪ ಉದ್ದ.

ಚಳ್ಳಕೆರೆಯಲ್ಲಿ ಅವರು ನೊಣಗಳ ಮೇಲೆ ಮಾತನಾಡಿದರು. ಕಂಬಳಿ ಮಾರಲು ಬಂದಿದ್ದ ಕುರಿಗಾಹಿಗಳು ಬಜಾರಿನ ಬೇವಿನ ನೆರಳಿನಲ್ಲಿ ಕೂತು, ಕಂಬಳಿ ಹೊದ್ದುಕೊಂಡೇ ಕೊನೆಯತನಕ ಕೇಳಿದರು. ಎಲ್ಲ ಮುಗಿದ ಮೇಲೆ ಒಬ್ಬ ಮುದುಕ, ಕುರಿಯ ಗೊರಸು ಕೊಳೆಯುವುದಕ್ಕೆ ಏನು ಮದ್ದು ಎಂದ. ಅದು ತಮ್ಮ ವಿಷಯವಲ್ಲ ಎಂದರು ಉಪನ್ಯಾಸಕರು. ಹಾಗಿದ್ದರೆ ಮುಂದಿನ ಸಲ ಆ ವಿಷಯದವರನ್ನೇ ಕಳಿಸಿ ಎಂದು ಹೇಳಿ ಮುದುಕ ಎದ್ದುಹೋದ. ಇಬ್ಬರಿಗೂ ಬೇಸರವಾದಂತೆ ಕಾಣಲಿಲ್ಲ.

ಅಲ್ಲಿಂದ ಮೊಳಕಾಲ್ಮೂರಿಗೆ. ಇಲ್ಲಿ ಮಾಡಬೇಕಾಗಿದ್ದದ್ದು ಬರಿಯ ಭಾಷಣವಲ್ಲ, ನೇಕಾರರಿಗೆ ಒಂದು ಪಕ್ಷದ ತರಬೇತಿ. ಗಾಡಿಯಲ್ಲಿ ಬಿಡಿಬಿಡಿಯಾಗಿ ಬಂದ ಹೊಸ ಮಗ್ಗವನ್ನು ಛತ್ರದ ಪಡಸಾಲೆಯಲ್ಲಿ ಜೋಡಿಸಿದರು. ನಮ್ಮವು ಕುಣಿಮಗ್ಗಗಳು. ನೇಕಾರ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿಯನ್ನು ಕೈಯಿಂದ ಕೈಗೆ ಎಸೆಯುತ್ತಾನೆ. ಹೊಸದು ನೆಲದ ಮೇಲೆ ನಿಲ್ಲುವಂಥದ್ದು, ಹಗ್ಗ ಎಳೆದರೆ ಲಾಳಿ ತಾನಾಗಿ ಓಡುತ್ತದೆ. ಬೆಳಿಗ್ಗೆ ಬಣ್ಣ, ನೀರು, ಆರೋಗ್ಯ ಎಂದು ಪಾಠ. ಮಧ್ಯಾಹ್ನ ಮಗ್ಗದ ಮೇಲೆ ಕೈಕೆಲಸ. ಕೊನೆಯ ದಿನ ಪರೀಕ್ಷೆ. ಗೆದ್ದವರಿಗೆ ಮೊಹರು ಒತ್ತಿದ ಪ್ರಶಸ್ತಿಪತ್ರ.

ಈ ಪತ್ರದ ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಕಿವಿ ನಿಮಿರಿಸಿದವಳು ನನ್ನ ಅತ್ತಿಗೆ.

ಅಣ್ಣ ಎರಡು ವರ್ಷದ ಹಿಂದೆ ಬೊಂಬಾಯಿಯ ಗಿರಣಿಗೆ ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ್ದ. ಬೀದಿಗೆಲ್ಲ ಗೊತ್ತಿತ್ತು, ಮನೆಯಲ್ಲಿ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವನ ಮಗ್ಗ ನಡುಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ಬರುವ ಶ್ರಾವಣಕ್ಕೆ ಅದರ ಮೇಲೆ ನನ್ನ ತಮ್ಮನನ್ನು ಕೂಡಿಸಿ, ಅತ್ತಿಗೆಯನ್ನು ರಾಯದುರ್ಗದ ಅವಳ ತವರಿಗೆ ಬಿಟ್ಟುಬರುವುದೆಂದು ಅಪ್ಪ ತೀರ್ಮಾನ ಮಾಡಿದ್ದ. ಮಕ್ಕಳಿಲ್ಲ, ಗಂಡ ಬರುವುದಿಲ್ಲ, ಇಲ್ಲೇನು ಕೆಲಸ ಎಂಬುದು ಅವನ ಲೆಕ್ಕಾಚಾರ. ತವರಿನಲ್ಲಿ ಅವಳ ಅಣ್ಣನ ಹೆಂಡತಿಯ ದರ್ಬಾರು. ಅಲ್ಲಿಗೆ ಹೋದರೆ ತಾನು ಬಿಟ್ಟಿ ಆಳಾಗುತ್ತೇನೆಂದು ಅತ್ತಿಗೆಗೆ ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಮಗ್ಗ.

ನಮ್ಮ ಬೀದಿಯ ಕಟ್ಟಳೆ ಈ ವಿಷಯದಲ್ಲಿ ಗಟ್ಟಿ. ನೇಯುವವನ ಮಗ್ಗವನ್ನು ಯಾರೂ ಕೀಳುವಂತಿಲ್ಲ, ಹೆತ್ತ ಅಪ್ಪನೂ ಕೀಳುವಂತಿಲ್ಲ. ಆದರೆ ನೇಯುವವನು ಎಂದರೆ ಗಂಡಸು. ಹೆಂಗಸು ರಾಟೆ ತಿರುಗಿಸುತ್ತಾಳೆ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಾಳೆ, ಕಡಿದ ಎಳೆ ಕೂಡಿಸುತ್ತಾಳೆ, ಮಗ್ಗದ ಪಕ್ಕದಲ್ಲಿ ಕೂತು ಅಂಚಿನ ಲಾಳಿಯನ್ನು ಗಂಡನ ಕಡೆಗೆ ಎಸೆಯುತ್ತಾಳೆ. ಸೀರೆಯ ಅರ್ಧ ಅವಳ ಕೈಯದೇ. ಆದರೂ ಅವಳನ್ನು ನೇಕಾರಳೆಂದು ಕರೆಯುವ ವಾಡಿಕೆ ಇರಲಿಲ್ಲ. ನಾನು ಇದನ್ನು ಒಂದು ಸಲ ಅಪ್ಪನ ಮುಂದೆ ಎತ್ತಿದಾಗ, ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡು, ನನಗೆ ಮಗ್ಗ ಹೇಳಿಕೊಡಬೇಡ ಎಂದಿದ್ದ. ಅಪ್ಪ ಬೀದಿಯ ಪಂಚಾಯ್ತಿಗೆ ಹಿರಿಯ. ಅವನ ಮಾತಿಗೆ ಅಪೀಲು ಇರಲಿಲ್ಲ.

ಅತ್ತಿಗೆ ತರಬೇತಿಗೆ ಹೋಗುತ್ತೇನೆಂದಾಗ ಅವನು ತಡೆಯಲಿಲ್ಲ. ಕೇಳಿದರೆ ಕಿವಿಯೇನು ಸವೆಯುತ್ತದೆಯೇ ಎಂದ. ಅವಳು ಕಂಬದ ಹಿಂದೆ ಸೆರಗು ಹೊದ್ದು ಕೂತಳು. ಮೊದಲ ದಿನಗಳು ಹಾಗೆಯೇ ಹೋದವು. ಗಂಡಸರಿಗೆ ಹಗ್ಗದ ಹದ ಸಿಗಲಿಲ್ಲ. ಜೋರಾಗಿ ಜಗ್ಗುವುದು, ಲಾಳಿ ಹಾರಿ ಗೋಡೆಗೆ ಬಡಿಯುವುದು, ಉಪನ್ಯಾಸಕರು ಪೇಟ ಹಿಡಿದುಕೊಂಡು ಬಗ್ಗುವುದು. ಒಂದು ಮಧ್ಯಾಹ್ನ ಅತ್ತಿಗೆ ಎದ್ದು ಬಂದು, ನಾನೂ ಒಂದು ಸಲ ನೋಡಲೇ ಎಂದು ನನ್ನ ಕೈಲಿ ಕೇಳಿಸಿದಳು. ಗಂಡಸರು ನಕ್ಕರು. ಉಪನ್ಯಾಸಕರು ಖುಷಿಯಾಗಿ ಕೂರುವ ಹಲಗೆ ಬಿಟ್ಟುಕೊಟ್ಟರು. ಅವಳು ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದು ನೋಡಿ, ಮೂರನೆಯದಕ್ಕೆ ಹದ ಕಂಡುಕೊಂಡಳು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಲಾಳಿ ಎಸೆದ ಕೈ ಅದು. ಆ ಮೇಲೆ ದಿನವೂ ಅವಳಿಗೊಂದು ಸರದಿ ಸಿಕ್ಕಿತು.

ಪ್ರಶಸ್ತಿಪತ್ರ ಕೈಗೆ ಬಂದರೆ ಮಾವನವರು ಒಪ್ಪುತ್ತಾರೆ, ಸರ್ಕಾರದ ಮೊಹರಿಗೆ ಎದುರು ಹೇಳುವುದುಂಟೇ ಎಂದು ಅವಳು ನನ್ನೊಡನೆ ಅಂದಳು. ನನಗೆ ಅಪ್ಪ ಗೊತ್ತಿದ್ದ. ಆದರೂ ಹೂಂ ಅಂದೆ.

ಪರೀಕ್ಷೆಯ ದಿನ ಹತ್ತಿರ ಬಂದಾಗ ತೊಡಕು ಎದ್ದಿತು. ಉಪನ್ಯಾಸಕರು ಇಂಗ್ಲಿಷ್ ತಾರೀಕು ನೋಡಿ ಶನಿವಾರ ಗೊತ್ತುಮಾಡಿದ್ದರು. ಆ ಶನಿವಾರ ಅಮಾವಾಸ್ಯೆ.

ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ಕೇಳಬಾರದು. ರೇಷ್ಮೆ ಕೊಟ್ಟ ಸಾಹುಕಾರ ಎಷ್ಟೇ ಜಬರ್ದಸ್ತಿ ಮಾಡಲಿ, ಮದುವೆ ಮನೆಯವರು ಬಾಗಿಲಲ್ಲೇ ಕೂತಿರಲಿ, ಅಂದು ನೇಕಾರ ಮಗ್ಗ ಮುಟ್ಟುವುದಿಲ್ಲ. ಮುಟ್ಟಿದರೆ ಕುಲದ ಅಮ್ಮನಿಗೆ ಆಗದು ಎನ್ನುತ್ತಿದ್ದರು. ಅಮ್ಮನ ಸಂಗತಿ ನನಗೆ ತಿಳಿಯದು. ತಿಂಗಳಿಗೊಮ್ಮೆ ಬೆನ್ನು ನೆಟ್ಟಗೆ ಮಾಡಲು ನೇಕಾರನಿಗೆ ಇದ್ದದ್ದು ಅದೊಂದೇ ದಿನ ಎಂಬುದು ಮಾತ್ರ ಗೊತ್ತು. ಇದನ್ನೆಲ್ಲ ಉಪನ್ಯಾಸಕರಿಗೆ ಹೇಳಿದೆ. ಅವರು, ಚಂದ್ರನಿಗೂ ಲಾಳಿಗೂ ಸಂಬಂಧವಿಲ್ಲ ಎಂದು ಒಂದು ಸಣ್ಣ ಉಪನ್ಯಾಸ ಕೊಟ್ಟು, ಭಾನುವಾರ ತಾವು ತಳಕಿನಲ್ಲಿ ಇರಲೇಬೇಕೆಂದರು.

ಶನಿವಾರ ಛತ್ರದಲ್ಲಿ ಒಬ್ಬ ಗಂಡಸೂ ಇಲ್ಲ. ಉಪನ್ಯಾಸಕರು ಗಡಿಯಾರ ನೋಡುತ್ತ ಶತಪಥ ಹಾಕುತ್ತಿದ್ದರು. ಅಷ್ಟರಲ್ಲಿ ಅತ್ತಿಗೆ ನೀರು ತುಂಬಿಟ್ಟು, ಮನೆಯವರಿಗೆಲ್ಲ ಬಡಿಸಿ, ರಾಟೆಯ ಕೆಲಸ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದಳು. ಬಂದವಳೇ ಮಗ್ಗಕ್ಕೆ ಕೂತು ನೇಯ್ದಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಉಪನ್ಯಾಸಕರು ಮೆಚ್ಚಿಕೊಂಡರು. ಪತ್ರದಲ್ಲಿ ಗಂಡಸರ ಹೆಸರಿಗೆ ಹಾಕುವ ‘ಮ॥ ರಾ॥’ ಮೊದಲೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ‘ಸೌ॥’ ಎಂದು ಬರೆಯಲೇ ಎಂದು ನನ್ನ ಮುಖ ನೋಡಿದರು. ಗಂಡ ಬೊಂಬಾಯಿಯಲ್ಲಿ ಗಟ್ಟಿಮುಟ್ಟಾಗಿಯೇ ಇದ್ದನಲ್ಲ, ಬರೆಯಿರಿ ಎಂದೆ.

ಅಮಾವಾಸ್ಯೆ ಅವಳಿಗೆ ಮರೆತೇ ಹೋಗಿತ್ತೇ, ಬೇಕೆಂದೇ ಬಂದಳೇ ಎಂದು ಆಮೇಲೆ ಕೇಳಿದೆ. “ನನಗೆ ಯಾವ ಅಮಾಸಿ ರಜಾ ಇತ್ತು, ನೆನಪಿಟ್ಕಳಾಕೆ?” ಎಂದಳು.

ಸಂಜೆಗೆ ಪತ್ರವನ್ನು ಅಪ್ಪನ ಮುಂದೆ ಇಟ್ಟಳು. ಅವನಿಗೆ ಓದು ಬರುತ್ತಿರಲಿಲ್ಲ. ಮೊಹರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ ಪಕ್ಕಕ್ಕೆ ಸರಿಸಿದ.

“ಕಾಗದದಿಂದ ನೇಕಾರ ಆಗೋದಾದ್ರೆ ಮೈಸೂರಾಗೆ ಎಲ್ಲಾರೂ ನೇಕಾರರೇ” ಎಂದ.

ನನಗೆ ಸಿಟ್ಟು ಬಂತು. ಅತ್ತಿಗೆಯ ಮುಖ ನೋಡಲಾಗಲಿಲ್ಲ. ಅವಳು ಪತ್ರವನ್ನು ಮಡಚಿಕೊಂಡು ಒಳಗೆ ಹೋದಳು. ಶ್ರಾವಣ ಅವಳಿಗೆ ಇನ್ನು ದೂರವಿರಲಿಲ್ಲ.

ಅಷ್ಟರಲ್ಲಿ ಬೀದಿಗೆ ಸುದ್ದಿ ಮುಟ್ಟಿತ್ತು. ಅಮಾವಾಸ್ಯೆಯ ದಿನ ಮಗ್ಗ ಸದ್ದು ಮಾಡಿದೆ, ಅದೂ ಹಿರಿಯನ ಮನೆಯವರ ಕೈಯಿಂದ. ಮಾರನೆಯ ಬೆಳಿಗ್ಗೆ ಅಮ್ಮನ ಗುಡಿಯ ಅಂಗಳದಲ್ಲಿ ಪಂಚಾಯ್ತಿ ಸೇರಿತು. ಉಪನ್ಯಾಸಕರ ಗಾಡಿ ಆಗಲೇ ತಳಕಿನ ದಾರಿ ಹಿಡಿದಿತ್ತು. ನಾನು ಒಂದು ದಿನದ ನೆಪ ಹೇಳಿ ಉಳಿದೆ. ಅಲ್ಲಿ ಆಡಿದ ಮಾತು ಅರ್ಧ ತೆಲುಗು, ಕನ್ನಡದಲ್ಲೇ ಬರೆಯುತ್ತೇನೆ.

ಅಮಾವಾಸ್ಯೆ ಮುರಿದ ನೇಕಾರನಿಗೆ ಹಾಕುವ ತಪ್ಪು, ಅಂದರೆ ಶಿಕ್ಷೆ, ದೊಡ್ಡದೇನಲ್ಲ. ತನ್ನ ಮಗ್ಗದ ಹೆಸರು ಹೇಳಿ ಅಮ್ಮನಿಗೆ ಒಂದು ಕಾಯಿ ಒಡೆದು, ಎಲ್ಲರೆದುರು ತಪ್ಪಾಯಿತು ಎನ್ನಬೇಕು. ಆದರೆ ಹೆಂಗಸಿಗೆ ಈ ತಪ್ಪು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಹಿರಿಯರು ಎಲೆಯಡಿಕೆ ಜಗಿಯುತ್ತ ಅದನ್ನೇ ಮಥಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ಒಬ್ಬರು ದಾರಿ ಕಂಡುಹಿಡಿದರು: ಹೆಂಗಸು ನೇಕಾರಳಲ್ಲ, ಅಮಾವಾಸ್ಯೆಯ ಕಟ್ಟಳೆ ನೇಕಾರರಿಗೆ, ಆದ್ದರಿಂದ ತಪ್ಪೇ ಆಗಿಲ್ಲ, ಬಿಟ್ಟುಬಿಡೋಣ. ಎಲ್ಲರ ತಲೆಯೂ ಆಡಿತು. ಅಪ್ಪನ ಹೆಗಲ ಭಾರ ಇಳಿದದ್ದನ್ನು ನಾನು ಕಂಡೆ. ಮನೆಯ ಮರ್ಯಾದೆಯೂ ಉಳಿಯಿತು, ಮಗ್ಗವೂ ಉಳಿಯಿತು.

ಆಗ ಹೆಂಗಸರು ನಿಂತಿದ್ದ ಕಡೆಯಿಂದ ಅತ್ತಿಗೆ ಮುಂದೆ ಬಂದಳು.

“ಬಿಡಬ್ಯಾಡ್ರಿ. ನನಗೆ ತಪ್ಪು ಹಾಕ್ರಿ” ಎಂದಳು.

ಬಿಡುಗಡೆ ಕೊಟ್ಟರೆ ಬೇಡ ಅನ್ನುವವರನ್ನು ಹಿರಿಯರು ನೋಡಿರಲಿಲ್ಲ. ಒಬ್ಬರು, ಸುಮ್ಮನೆ ಮನೆಗೆ ಹೋಗಮ್ಮ ಎಂದರು. ಅವಳು ಹೋಗಲಿಲ್ಲ.

“ಇವತ್ತು ನನ್ನ ಬಿಟ್ರೆ, ಬರೋ ಅಮಾಸಿಗೆ ಸಾಹುಕಾರ್ರು ಬಂದು ಎಲ್ಲಾರ ಮನೇಲೂ ಹೆಂಗಸರನ್ನ ಮಗ್ಗಕ್ಕೆ ಕೂಡಿಸ್ತಾರೆ. ಹೆಂಗಸರಿಗೆ ತಪ್ಪಿಲ್ಲ ಅಂತ ನೀವೇ ಅಂದೀರಿ. ಆಮ್ಯಾಲೆ ನಿಮ್ಮ ಅಮಾಸಿ ಎಲ್ಲೈತೆ?”

ಸಾಹುಕಾರರ ಹೆಸರು ಕೇಳುತ್ತಲೇ ಜಗಿಯುವ ಬಾಯಿಗಳು ನಿಂತವು. ಅವಳು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಅಮಾವಾಸ್ಯೆಯ ರಜೆ ಸಾಹುಕಾರರ ಕಣ್ಣಿಗೆ ಬಹಳ ದಿನದಿಂದ ಚುಚ್ಚುತ್ತಿತ್ತು. ಒಂದು ಸಣ್ಣ ಬಿರುಕು ಸಿಕ್ಕಿದರೆ ಸಾಕಾಗಿತ್ತು. ಬೆರಳು ತೋರಿಸಿದರೆ ಹಸ್ತ ನುಂಗುವ ಜನ.

ಈಗ ಎಲ್ಲರೂ ಅಪ್ಪನ ಕಡೆ ನೋಡಿದರು. ತಪ್ಪು ಹಾಕುವ ಮಾತು ಹಿರಿಯನ ಬಾಯಿಂದಲೇ ಬರಬೇಕು. ಆ ಮಾತು ಆಡಿದರೆ ಏನಾಗುತ್ತದೆಂದು ಅವನಿಗೂ ತಿಳಿದಿತ್ತು, ಅತ್ತಿಗೆಗೂ ತಿಳಿದಿತ್ತು. ಮಗ್ಗ ಇದ್ದವರಿಗೆ ಮಾತ್ರ ಆ ತಪ್ಪು, ಅವರ ಮಗ್ಗವನ್ನು ಯಾರೂ ಕೀಳುವಂತಿಲ್ಲ. ಅಪ್ಪನ ಮೇಲೆ ನನಗಿದ್ದ ಸಿಟ್ಟು ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ, ಪಾಪ ಅನ್ನಿಸಿತು. ಅವನ ಅಪ್ಪನೂ ಅಜ್ಜನೂ ಕಾಪಾಡಿಕೊಂಡು ಬಂದ ದಿನ ಅದು. ಇನ್ನೊಂದು ಕಡೆ, ಕಿರಿಯ ಮಗನಿಗೆಂದು ಎತ್ತಿಟ್ಟ ಮಗ್ಗ.

ಅಪ್ಪ ಬಾಯಲ್ಲಿದ್ದ ಎಲೆ ಉಗಿದು ಬಂದು, ನೆಟ್ಟಗೆ ನಿಂತು ಹೇಳಿದ:

“ಮಗ್ಗದೋರು ಅಮಾಸಿ ದಿನ ಮಗ್ಗ ಮುಟ್ಟಂಗಿಲ್ಲ. ನೀನು ಮುಟ್ಟೀಯ. ನಿನ್ನ ಮಗ್ಗದ ಹೆಸರಲ್ಲಿ ಅಮ್ಮನಿಗೆ ಕಾಯಿ ಒಡಿ.”

‘ನಿನ್ನ ಮಗ್ಗ’ ಎಂಬುದನ್ನು ಅಲ್ಲಿದ್ದವರೆಲ್ಲ ಕೇಳಿದರು. ಅತ್ತಿಗೆ ಕಾಯಿ ಒಡೆದಳು. ತಪ್ಪಾಯಿತು ಎಂದು ಅಡ್ಡಬಿದ್ದಳು. ಎದ್ದಾಗ ಅವಳು ಅಳುತ್ತಿದ್ದಳು. ಪಶ್ಚಾತ್ತಾಪಕ್ಕೆಂದು ತಿಳಿದ ಮುದುಕರು ಹೋಗಲಿ ಬಿಡು ಎಂದು ಸಮಾಧಾನ ಹೇಳಿದರು. ನನಗೂ ಕಣ್ಣು ತುಂಬಿ ಬಂತು, ಸೋಗಿಗೆ ಕೆಮ್ಮಿದೆ. ತಮ್ಮನಿಗೆ ಮಗ್ಗಕ್ಕಿಂತ ಬಯಲಾಟದ ಹುಚ್ಚು ಹೆಚ್ಚು, ಅವನು ನೆಮ್ಮದಿಯಾಗಿಯೇ ಇದ್ದ. ಮಾರನೆಯ ದಿನ ಅತ್ತಿಗೆ ನಡುಮನೆಯ ಕುಣಿ ಗುಡಿಸಿ ಕಾಲು ಇಳಿಬಿಟ್ಟು ಕೂತಳು. ರಾಯದುರ್ಗದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಉಪನ್ಯಾಸಕರಿಗೆ ಇದನ್ನೆಲ್ಲ ತಳಕಿನಲ್ಲಿ ಹೇಳಿದೆ. ತಮ್ಮ ಪ್ರಶಸ್ತಿಪತ್ರದಿಂದ ಒಬ್ಬ ಹೆಂಗಸಿಗೆ ಮಗ್ಗ ಸಿಕ್ಕಿತೆಂದು ಅವರು ಮೇಲಿನವರಿಗೆ ವರದಿ ಮಾಡಿದರು ಎಂದು ಕೇಳಿದೆ. ಇರಲಿ, ಬಿಸಿಲಿನಲ್ಲಿ ಅಷ್ಟು ದೂರ ಬಂದಿದ್ದರು.

ಮುಂದಿನ ಅಮಾವಾಸ್ಯೆಗೆ ನಾನು ಊರಿಗೆ ಹೋದೆ. ಬೀದಿ ಎಂದಿನಂತೆ ತಣ್ಣಗಿತ್ತು. ಗಂಡಸರು ಜಗಲಿಗಳ ಮೇಲೆ ಒರಗಿದ್ದರು, ಒಳಗಿನಿಂದ ರಾಟೆಗಳ ಗುಂಯ್‌ಗುಡುವ ಸದ್ದು ಬರುತ್ತಿತ್ತು. ನಮ್ಮ ಜಗಲಿಯ ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಕಂಬಕ್ಕೊರಗಿ, ಕಾಲು ಚಾಚಿ ಅತ್ತಿಗೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಒಳಗಿನಿಂದ ನಮ್ಮವ್ವ, ಕಂಡಿಕೆ ಸುತ್ತುವುದಿದೆ ಬಾ ಎಂದು ಅವಳನ್ನು ಕೂಗಿದಳು. ಅತ್ತಿಗೆ ಏಳಲು ಹೋದಳು.

“ಅವಳ್ನ ಕರೀಬ್ಯಾಡ” ಎಂದ ಅಪ್ಪ, ತಿರುಗಿ ನೋಡದೆ. “ಇವತ್ತು ಅಮಾಸಿ.”

ಒಳಗೆ ಅವ್ವ ರಾಟೆಯನ್ನು ತಾನೇ ಎಳೆದುಕೊಂಡಳು.