ಹಿಂದಿನ ಅಚ್ಚು ನೋಡುವ ವಿಲ್ಫ್

“ಎಲ್ಲಿ ನೋಯ್ತಿದೆ?”

ಕ್ರ್ಯಾಡ್ಲಿ ಹೀತ್ ಊರಿನ ಕಾಲುವೆ ಪಕ್ಕದ ತಗಡಿನ ಶೆಡ್ಡಿನಲ್ಲಿ, ಬೆಳಗಿನ ಆರಕ್ಕೆ, ವಿಲ್ಫ್ ಟ್ರಾಂಟರ್ ಹೀಗೆ ಕೇಳುತ್ತಾರೆ. ಯಾರನ್ನೂ ಅಲ್ಲ. ಮೇಜಿನ ಮೇಲೆ ಒಂದೂವರೆ ಮೊಳದ ಎರಡು ಉಕ್ಕಿನ ದಂಡಗಳಿವೆ. ಅರವತ್ತರ ದಶಕದ ಎರಡು ಸೀಟಿನ ತೆರೆದ ಕಾರೊಂದರ ಹಿಂದಿನ ಚಕ್ರಗಳ ಅಚ್ಚಿನವು. ಒಂದೊಂದು ದಂಡ ಒಂದೊಂದು ಚಕ್ರವನ್ನು ತಿರುಗಿಸುತ್ತದೆ; ಚಕ್ರವನ್ನು ಹಿಡಿದುಕೊಂಡಿರುವುದೂ ಅದೇ. ನಿನ್ನೆ ಸಂಜೆ ವಿಲ್ಫ್ ಅವುಗಳಿಗೆ ಸೀಮೆಎಣ್ಣೆ ಕುಡಿಸಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಹೋಗಿದ್ದರು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗಿನ ಎಣ್ಣೆ ಬೆಳಗಾಗುವಷ್ಟರಲ್ಲಿ ಬಿಳಿಯ ಮೇಲೆ ಒಸರುತ್ತದೆ.

ಎಡಗಡೆಯ ದಂಡದ ತುದಿಯಲ್ಲಿ, ಚಕ್ರ ಕೂರುವಲ್ಲಿ, ಕೂದಲೆಳೆಯಷ್ಟು ಬೂದು ಗೆರೆ.

“ಹೇಳಿದ್ಯಲ್ಲ, ದೊಡ್ಡ ಉಪಕಾರ,” ಎಂದು ವಿಲ್ಫ್ ದಂಡಕ್ಕೆ ಟೋಪಿ ತೆಗೆಯುತ್ತಾರೆ.

ಅವರಿಗೀಗ ಅರವತ್ತೆಂಟು. ಹದಿನಾರಕ್ಕೆ ಕಾರು ಕಾರ್ಖಾನೆಯಲ್ಲಿ ಅಚ್ಚು ಜೋಡಿಸುವ ಸಾಲಿಗೆ ಸೇರಿದವರು. ಕಾರ್ಖಾನೆ ಮುಚ್ಚಿದ ಮೇಲೆ ಎಂಟು ತಿಂಗಳು ಕೆಲಸವಿಲ್ಲ. “ಕೈಗೇನೂ ಸಿಗದೆ ಮನೆ ಗೇಟನ್ನೇ ನಾಲ್ಕು ಸಲ ಬಿಚ್ಚಿ ಜೋಡಿಸಿದ್ದೆ,” ಎನ್ನುತ್ತಾರೆ. ಆಗ ಈ ಶೆಡ್ಡಿನ ಬೀಗದ ಕೈ ಕೊಟ್ಟವರು ಸರಪಳಿ ಮಾಡುವ ಕ್ಲೆಮೆಂಟ್ ಹಾಜೆಟ್ಸ್. “ಇಲಿಗಳಿಗಿಂತ ನೀನೇ ವಾಸಿ,” ಎಂದಷ್ಟೇ ಹೇಳಿದ್ದರು. ಬಾಡಿಗೆಯ ಮಾತು ಇಂದಿಗೂ ಬಂದಿಲ್ಲ. ಪ್ರತಿ ಭಾನುವಾರ ಚಾಪೆಲ್ಲಿನಲ್ಲಿ ವಿಲ್ಫ್ ತೀರಿಕೊಂಡ ಹೆಂಡತಿಯ ಹೆಸರಿನ ನಂತರ ಕ್ಲೆಮೆಂಟರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ.

ಒಂದು ಅಚ್ಚಿಗೆ ಮೂರು ದಿನ, ವರ್ಷಕ್ಕೆ ಸುಮಾರು ಅರವತ್ತು ಅಚ್ಚು. ಚಳಿಗಾಲದಲ್ಲಿ ಎರಡು ಬೆರಳು ಮರಗಟ್ಟುತ್ತವೆ. ಅಗಲದ ಚಕ್ರ ಬೇಕೆಂದು ಬರುವವರಿಗೆ ಅವರದು ಒಂದೇ ಷರತ್ತು: “ಖಾಲಿ ಕಾರು ಸುಳ್ಳು ಹೇಳುತ್ತೆ. ಭಾರ ಬಿದ್ರೇನೇ ಚಕ್ರ ಎಲ್ಲಿ ತಾಗುತ್ತೆ ಅಂತ ಗೊತ್ತಾಗೋದು. ಪಕ್ಕದಲ್ಲಿ ಯಾರು ಕೂರ್ತಾರೋ ಅವರನ್ನೇ ಕರ್ಕೊಂಡು ಬನ್ನಿ, ಊಟದ ಬುಟ್ಟಿ ಸಮೇತ.”

ಈಗ ಮೇಜಿನ ಮೇಲಿರುವುದು ಕ್ಲೆಮೆಂಟರ ಕಾರಿನದೇ ಅಚ್ಚು. ಸೋಮವಾರ ಅವರ ಹೆಂಡತಿ ಮ್ಯೂರಿಯಲ್ ಎಡ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತಿದ್ದರು. ವಿಲ್ಫ್ ಹೊಸ ಟೈರಿಗೂ ಮಡ್ಗಾರ್ಡಿಗೂ ನಡುವೆ ಕಿರುಬೆರಳು ತೂರಿಸಿ ನೋಡಿದರು.

“ಅತ್ತಿಗೆ, ಬುಟ್ಟೀಲಿರೋ ಪೈ ಇನ್ನೊಂದು ತಿಂದ್ರೆ ಟೈರು ತಾಗುತ್ತೆ.”

“ನಿನ್ನ ಬೆರಳೇ ದಪ್ಪ ಕಣೋ.”

ಕ್ಲೆಮೆಂಟ್, ಮ್ಯೂರಿಯಲ್ ಮದುವೆಯಾಗಿ ಇಗರ್ಜಿಯಿಂದ ಹೊರಟದ್ದೂ ಇದೇ ಕಾರಿನಲ್ಲಿ. ಈ ಭಾನುವಾರಕ್ಕೆ ಐವತ್ತು ವರ್ಷ. ಹೊಸ ಚಕ್ರದಲ್ಲಿ ಕ್ಲೆಂಟ್ ಗುಡ್ಡ ಹತ್ತಬೇಕೆಂದು ಕ್ಲೆಮೆಂಟರ ಆಸೆ. ಅಗಲದ ಚಕ್ರ ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ. ದಂಡಕ್ಕೆ ಅಷ್ಟೇ ಹೆಚ್ಚು ಸೆಳೆತ. ಹಳೆಯ ದಂಡ ಮುರಿದರೆ ಚಕ್ರವೇ ಕಳಚಿ ಹೋಗುತ್ತದೆ. ವಿಲ್ಫ್ ಕೂರಿಸುವ ಹೊಸ ಬಗೆಯದರಲ್ಲಿ ದಂಡ ಮುರಿದರೂ ಚಕ್ರ ಜಾಗ ಬಿಡುವುದಿಲ್ಲ. ಆದರೆ ಅದು ಬರಲು ಮೂರು ವಾರ ಬೇಕು.

ಒಂಬತ್ತಕ್ಕೆ ಕ್ಲೆಮೆಂಟ್ ಇಬ್ಬರಿಗೂ ಬೇಕನ್ ಸ್ಯಾಂಡ್‌ವಿಚ್ ತಂದಿದ್ದಾರೆ. ವಿಲ್ಫ್ ದಂಡವನ್ನು ಬೆಳಕಿಗೆ ಹಿಡಿಯುತ್ತಾರೆ.

“ಇದಾ? ನನ್ನ ಮುಖದಲ್ಲಿ ಇದಕ್ಕಿಂತ ದೊಡ್ಡ ಗೆರೆಗಳಿವೆ.”

“ನಿನ್ನ ಮುಖಕ್ಕೆ ಚಕ್ರ ಸಿಕ್ಕಿಸಲ್ವಲ್ಲ.”

ಕ್ಲೆಮೆಂಟ್ ನಗುತ್ತಾರೆ, ವಿಲ್ಫ್ ನಗದಿರುವುದನ್ನು ಕಂಡು ಸ್ಯಾಂಡ್‌ವಿಚ್ ಕೆಳಗಿಡುತ್ತಾರೆ.

“ಒಂದೇ ದಿನ, ಮಾರಾಯ. ಮೆಲ್ಲಗೆ ಹೋಗ್ತೀನಿ. ಸೋಮವಾರ ಬಿಚ್ಚಿಬಿಡು.”

“ಮುರಿಯೋದಕ್ಕೆ ಒಂದು ದಿನ ಬೇಡ, ಕ್ಲೆಮ್. ಅತ್ತಿಗೆ ಕೂರೋದು ಎಡಕ್ಕೆ.”

“ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನಾ?”

“ಇಲ್ಲ. ಒಂದು ದಿನಾನೂ ಕೇಳಿಲ್ಲ. ನಾನು ಉಣ್ಣೋ ಅನ್ನದಲ್ಲಿ ನೀನಿದೀಯ.”

“ಹಾಗಾದ್ರೆ ಹಾಕ್ಕೊಡ್ತೀಯ.”

ವಿಲ್ಫ್ ದಂಡವನ್ನು ಬಟ್ಟೆಯಲ್ಲಿ ಸುತ್ತಿ ಗೆಳೆಯನ ಕೈಗೇ ಕೊಡುತ್ತಾರೆ.

“ಹಾಕಲ್ಲ.”