ನಡುಗಡ್ಡೆಯಲ್ಲೊಂದು ನಿದ್ದೆ

ಆನೆಗೊಂದಿ ಬಳಿಯ ನಡುಗಡ್ಡೆಯಲ್ಲಿ ಬೃಂದಾವನಗಳನ್ನು ಸುತ್ತಿ, ಬಂಡೆಗಳ ನಡುವೆ ಅಲೆದು ಕಾಲು ಸೋತಿದ್ದವು. ಹೊಸಪೇಟೆಗೆ ಮರಳಿ ಮಲಗಿದರೆ ಸಾಕೆನಿಸಿ ಹರಿಗೋಲಿನಲ್ಲಿ ಕುಳಿತೆ. ಬೆಳಿಗ್ಗೆ ನಮ್ಮೊಡನೆ ಬಂದಿದ್ದ, ಗಣಿಸೀಮೆಯ ವಡ್ಡು ಊರಿನ ಹೆಂಗಸು ಮಾತ್ರ ಮರದಡಿಯಿಂದ ಏಳಲಿಲ್ಲ. ಅದಿರಿನ ಲಾರಿ ಓಡಿಸುವ ಆಕೆಯ ಗಂಡ ಬರುವಾಗ ದಾರಿಯುದ್ದಕ್ಕೂ ಕೆಮ್ಮಿದ್ದ. ಈಗ ಆಕೆಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದ.

"ಎಬ್ಬಸ್ರೀ ಅಕ್ಕಾರ, ಹೊತ್ತಾತು," ಎಂದ ಅಂಬಿಗ.

"ಇನ್ನೊಂದೀಟು ಬಿಡಪ್ಪ. ಮನ್ಯಾಗ ರಾತ್ರಿಯೆಲ್ಲ ಕೆಮ್ಮಿಕೋತ ಕುಂದರ್ತಾರ. ಹಿಂಗ ಮಲಗಿದ್ದು ನೋಡಿ ಭಾಳ ದಿನ ಆಗಿತ್ತು."

ಅಂಬಿಗ ನಮ್ಮತ್ತ ನೋಡಿದ. ಹೊರಡೋಣವೆಂಬ ಮಾತು ನನ್ನ ಬಾಯಿತನಕ ಬಂದಿತ್ತು, ಆದರೂ ಇರಲಿ ಎಂದು ಕೈಸನ್ನೆ ಮಾಡಿದೆ. ಅವನು ಹುಟ್ಟು ಕೆಳಗಿಟ್ಟು ಹರಿಗೋಲನ್ನು ಬಂಡೆಗೆ ಕಟ್ಟಿದ. ನಾವೆಲ್ಲ ಸದ್ದು ಮಾಡದೆ ಇಳಿದು ನೀರಿನಂಚಿನಲ್ಲಿ ಕುಳಿತೆವು.